ವಿದ್ಯುತ್ ಮತ್ತು ನೀರು ಪೂರೈಸುವ ಕಂಪನಿಗಳ ಹಣದಿಂದ ವನ್ಯಜೀವಿ ಸಂರಕ್ಷಣೆ: ಸ್ಥಳೀಯ ಸಂಘಗಳಿಗೊಂದು ಮಾರ್ಗದರ್ಶಿ

ಮರಗಳಿಲ್ಲದ ಬಯಲಿನಲ್ಲಿ ಹದ್ದಿಗೆ ಕೂರಲು ವಿದ್ಯುತ್ ಕಂಬಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ಅಡ್ಡಪಟ್ಟಿಯ ಮೇಲೆ ಕುಳಿತರೆ ಸುತ್ತಲಿನ ನೆಲವೆಲ್ಲ ಕಾಣುತ್ತದೆ, ಓಡುವ ಇಲಿಯೂ ಕಾಣುತ್ತದೆ. ಅದು ಹಾರಲೆಂದು ರೆಕ್ಕೆ ಬಿಚ್ಚಿದಾಗ ಒಂದು ರೆಕ್ಕೆ ಒಂದು ತಂತಿಗೂ ಇನ್ನೊಂದು ರೆಕ್ಕೆ ಪಕ್ಕದ ತಂತಿಗೋ ಭೂಮಿಗೆ ಜೋಡಿಸಿದ ಲೋಹದ ಪಟ್ಟಿಗೋ ತಗುಲಿತೆಂದರೆ ವಿದ್ಯುತ್ತು ಅದರ ಮೈಯ ಮೂಲಕವೇ ಹರಿಯುತ್ತದೆ. ಹಕ್ಕಿ ಸುಟ್ಟು ಕಂಬದ ಬುಡಕ್ಕೆ ಬೀಳುತ್ತದೆ. ಅದೇ ಕ್ಷಣದಲ್ಲಿ ಫೀಡರ್ (ಆ ಪ್ರದೇಶಕ್ಕೆ ವಿದ್ಯುತ್ ಒಯ್ಯುವ ಮಾರ್ಗ) ಟ್ರಿಪ್ ಆಗಿ, ಎಂದರೆ ತಾನಾಗಿಯೇ ಕಡಿತಗೊಂಡು, ಸಾವಿರಾರು ಮನೆಗಳ ದೀಪ ಆರುತ್ತದೆ, ಲೈನ್‌ಮನ್ ದೋಷ ಹುಡುಕುತ್ತಾ ಕಂಬದಿಂದ ಕಂಬಕ್ಕೆ ನಡೆಯಬೇಕಾಗುತ್ತದೆ.

ಹಕ್ಕಿಯ ಸಾವು ಮತ್ತು ಕಂಪನಿಯ ನಷ್ಟ ಎರಡೂ ಒಂದೇ ಕಂಬದಲ್ಲಿ ಘಟಿಸಿವೆ. ಪೂರೈಕೆ ಕಂಪನಿಯ ಹಣದಿಂದ ಸ್ಥಳೀಯ ವನ್ಯಜೀವಿಗಳಿಗೆ ನಿಜವಾದ ಪ್ರಯೋಜನವಾಗಬೇಕಾದರೆ ಇಂಥ ಜಾಗಗಳಿಂದಲೇ ಕೆಲಸ ಆರಂಭವಾಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ದಾನವಾಗಿ ಬಂದ ಹಣ ದಾನಿಯ ಮನಸ್ಸು ಬದಲಾದಾಗ ನಿಂತುಹೋಗುತ್ತದೆ. ಕಂಪನಿ ತನ್ನದೇ ತೊಂದರೆಯನ್ನು ಬಗೆಹರಿಸಿಕೊಳ್ಳಲು ಖರ್ಚು ಮಾಡುವ ಹಣ ಆ ತೊಂದರೆ ಇರುವವರೆಗೂ ಬರುತ್ತದೆ. ಕಂಪನಿಯೊಂದರ ಬಾಗಿಲು ತಟ್ಟಲು ಹೊರಟಿರುವ ಸಣ್ಣ ಸಂರಕ್ಷಣಾ ಸಂಘಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಲೇಖನವನ್ನು ಬರೆದಿದ್ದೇನೆ.

ಒಂದನೆಯ ಹೆಜ್ಜೆ: ಹಣ ಯಾವ ಖಾತೆಯದು ಎಂದು ತಿಳಿದುಕೊಳ್ಳಿ

ಕಂಪನಿಯ ಹಣ ಎಂದು ನಾವು ಒಂದೇ ಮಾತಿನಲ್ಲಿ ಹೇಳುವುದು ವಾಸ್ತವವಾಗಿ ಬೇರೆ ಬೇರೆ ಖಾತೆಗಳ ಹಣ. ಪ್ರತಿಯೊಂದು ಖಾತೆಗೂ ಅದರದೇ ನಿಯಮ, ಅದರದೇ ಅವಧಿ, ಅದರದೇ ಅಧಿಕಾರಿಗಳಿರುತ್ತಾರೆ. ಇದನ್ನು ತಿಳಿಯದೆ ಸಲ್ಲಿಸಿದ ಮನವಿಗಳು ಎಷ್ಟೇ ಚೆನ್ನಾಗಿದ್ದರೂ ತಪ್ಪು ಮೇಜಿನ ಮೇಲೆ ಬಿದ್ದು ಅಲ್ಲೇ ಉಳಿಯುತ್ತವೆ.

ಮೊದಲನೆಯದು ದಿನನಿತ್ಯದ ನಿರ್ವಹಣೆಯ ಖಾತೆ. ತಂತಿಗೆ ಹೊದಿಕೆ ಹಾಕುವುದು, ಹಕ್ಕಿಗಳಿಗೆ ತಂತಿ ಕಾಣುವಂತೆ ಗುರುತುಗಳನ್ನು ತೂಗುಹಾಕುವುದು, ಗೂಡುಗಳನ್ನು ಸುರಕ್ಷಿತ ಜಾಗಕ್ಕೆ ಸ್ಥಳಾಂತರಿಸುವುದು ಇವೆಲ್ಲ ಇಲ್ಲಿಂದ ನಡೆಯುತ್ತವೆ. ದಕ್ಷಿಣ ಆಫ್ರಿಕಾದ ವಿದ್ಯುತ್ ಸಂಸ್ಥೆ ಎಸ್ಕಾಮ್ ಮತ್ತು ಅಲ್ಲಿನ ಎಂಡೇಂಜರ್ಡ್ ವೈಲ್ಡ್‌ಲೈಫ್ ಟ್ರಸ್ಟ್ 1996ರಲ್ಲಿ ಮಾಡಿಕೊಂಡ ಪಾಲುದಾರಿಕೆ ಈ ಬಗೆಯದು. ತಂತಿಗಳಿಂದಾಗುವ ಹಕ್ಕಿಗಳ ಸಾವನ್ನು ದಾಖಲಿಸಿ, ಅಪಾಯದ ಜಾಗಗಳನ್ನು ಗುರುತಿಸಿ, ಪರಿಹಾರ ಸೂಚಿಸುವ ಕೆಲಸವನ್ನು ಟ್ರಸ್ಟ್ ಮಾಡುತ್ತದೆ. ಜಾಲವನ್ನು ಸರಿಪಡಿಸುವುದು ಸಂಸ್ಥೆಯ ಹೊಣೆ.

ಎರಡನೆಯದು, ಗ್ರಾಹಕರು ಕಟ್ಟುವ ದರದೊಳಗೇ ಸೇರಿಕೊಂಡು ಬರುವ ಹಣ. ನೀರಿನ ಅಥವಾ ವಿದ್ಯುತ್ತಿನ ದರವನ್ನು ನಿಯಂತ್ರಕರು ನಿಗದಿಪಡಿಸುವ ಕಡೆ ಯಾವ ಖರ್ಚನ್ನು ದರದಲ್ಲಿ ಸೇರಿಸಬಹುದೆಂದು ಅವರೇ ತೀರ್ಮಾನಿಸುತ್ತಾರೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ನೀರಿನ ಕಂಪನಿಗಳ ದರ ಪರಿಷ್ಕರಣೆ ಐದು ವರ್ಷಕ್ಕೊಮ್ಮೆ ನಡೆಯುತ್ತದೆ. ಹಾಗೆ ಮಂಜೂರಾದ ಹಣದಲ್ಲಿಯೇ ವಾಯವ್ಯ ಇಂಗ್ಲೆಂಡಿನ ಯುನೈಟೆಡ್ ಯುಟಿಲಿಟೀಸ್ ಕಂಪನಿಯು ಹಕ್ಕಿಗಳ ಸಂರಕ್ಷಣಾ ಸಂಸ್ಥೆಯಾದ ಆರ್‌ಎಸ್‌ಪಿಬಿ ಜೊತೆಗೂಡಿ 2005ರಿಂದ 2010ರವರೆಗೆ ಸುಮಾರು 20,000 ಹೆಕ್ಟೇರ್ ಜಲಾನಯನ ಪ್ರದೇಶದಲ್ಲಿ ಕೆಲಸ ಮಾಡಿತು. ಅಲ್ಲಿನ ಗುಡ್ಡಗಳ ಮೇಲಿನ ಪೀಟ್ (ಅರೆಕೊಳೆತ ಸಸ್ಯಗಳಿಂದಾದ ಮಣ್ಣು) ಜೌಗಿನಲ್ಲಿ ಹಿಂದಿನವರು ತೋಡಿದ್ದ ಚರಂಡಿಗಳಿಂದ ನೆಲ ಒಣಗಿ, ಪೀಟ್ ಕರಗಿ, ಜಲಾಶಯಕ್ಕೆ ಇಳಿಯುವ ನೀರು ಕಂದು ಬಣ್ಣಕ್ಕೆ ತಿರುಗಿತ್ತು. ಆ ಬಣ್ಣ ತೆಗೆಯಲು ಶುದ್ಧೀಕರಣ ಘಟಕದಲ್ಲಿ ಹಣ ಸುರಿಯಬೇಕಿತ್ತು. ಚರಂಡಿಗಳಿಗೆ ಅಡ್ಡಗಟ್ಟಿದರೆ ನೆಲದ ನೀರು ಮೇಲೇರುತ್ತದೆ, ಜೌಗಿನ ಪಾಚಿ ಮತ್ತೆ ಹಬ್ಬುತ್ತದೆ, ಜೌಗನ್ನೇ ನಂಬಿದ ಹಕ್ಕಿಗಳಿಗೂ ಕೀಟಗಳಿಗೂ ನೆಲೆ ಸಿಗುತ್ತದೆ. ಕಂಪನಿಗೆ ಬೇಕಾಗಿದ್ದು ತಿಳಿನೀರು, ಹಕ್ಕಿಗಳಿಗೆ ಬೇಕಾಗಿದ್ದು ಒದ್ದೆ ನೆಲ. ಎರಡಕ್ಕೂ ಮಾಡಬೇಕಾದ ಕೆಲಸ ಮಾತ್ರ ಒಂದೇ ಆಗಿತ್ತು.

ಮೂರನೆಯದು ಕಾನೂನಿನ ಹೊಣೆಯಿಂದ ಬರುವ ಹಣ. ಅಮೆರಿಕದ ಕೊಲಂಬಿಯಾ ನದಿಯ ಅಣೆಕಟ್ಟುಗಳಿಂದ ಸಾಲ್ಮನ್ ಮೀನುಗಳಿಗೂ ಇತರ ಜೀವಿಗಳಿಗೂ ಆದ ಹಾನಿಯನ್ನು ತುಂಬಿಕೊಡಬೇಕೆಂದು 1980ರ ವಾಯವ್ಯ ವಿದ್ಯುತ್ ಕಾಯ್ದೆ ವಿಧಿಸಿತು. ಆ ಅಣೆಕಟ್ಟುಗಳ ವಿದ್ಯುತ್ತನ್ನು ಮಾರುವ ಬಾನ್‌ವಿಲ್ ಪವರ್ ಅಡ್ಮಿನಿಸ್ಟ್ರೇಷನ್ ತನ್ನ ಆದಾಯದಿಂದಲೇ ಇದಕ್ಕೆ ಹಣ ಕೊಡುತ್ತದೆ; ಕೆಲಸವನ್ನು ರಾಜ್ಯಗಳು, ಮೂಲನಿವಾಸಿ ಬುಡಕಟ್ಟುಗಳು ಮತ್ತು ಸ್ಥಳೀಯ ಸಂಸ್ಥೆಗಳು ಮಾಡುತ್ತವೆ. ನ್ಯಾಯಾಲಯದ ತೀರ್ಪುಗಳೂ ಈ ಗುಂಪಿಗೆ ಸೇರುತ್ತವೆ. ಅದೇ ದೇಶದಲ್ಲಿ 1999ರಲ್ಲಿ ಹದ್ದುಗಳು ಮತ್ತು ಇತರ ಬೇಟೆಹಕ್ಕಿಗಳು ತಂತಿಯಿಂದ ಸತ್ತದ್ದಕ್ಕಾಗಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘವೊಂದಕ್ಕೆ ಶಿಕ್ಷೆಯಾದ ಮೇಲೆ, ಕಂಬಗಳನ್ನು ಸರಿಪಡಿಸುವುದು ಒಳ್ಳೆಯತನದ ಪ್ರಶ್ನೆಯಲ್ಲ, ಕಾನೂನಿನ ಪ್ರಶ್ನೆ ಎಂಬುದು ಉಳಿದ ಕಂಪನಿಗಳಿಗೂ ಮನವರಿಕೆಯಾಯಿತು.

ನಾಲ್ಕನೆಯದು ದೇಣಿಗೆ ಮತ್ತು ಸಾಮಾಜಿಕ ಹೊಣೆಗಾರಿಕೆಯ ಹಣ. ಭಾರತದಲ್ಲಿ ಇದು ಕೇವಲ ಇಚ್ಛೆಯ ಮಾತಲ್ಲ: 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ನಿಗದಿತ ಗಾತ್ರ ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಕನಿಷ್ಠ 2 ಪ್ರತಿಶತವನ್ನು ಸಿಎಸ್‌ಆರ್, ಎಂದರೆ ಸಾಮಾಜಿಕ ಹೊಣೆಗಾರಿಕೆಯ, ಕೆಲಸಗಳಿಗೆ ಕೊಡಬೇಕು, ಸಸ್ಯ ಮತ್ತು ಪ್ರಾಣಿಸಂಕುಲದ ರಕ್ಷಣೆ ಆ ಕೆಲಸಗಳ ಪಟ್ಟಿಯಲ್ಲಿದೆ. ಆದರೆ ಕಂಪನಿಯ ಮಾಮೂಲು ವ್ಯವಹಾರದ ಭಾಗವಾದ ಕೆಲಸಗಳು ಸಿಎಸ್‌ಆರ್ ಆಗುವುದಿಲ್ಲ. ಎಂದರೆ, ಕಂಪನಿ ತನ್ನದೇ ಕಂಬಗಳನ್ನು ಸುರಕ್ಷಿತಗೊಳಿಸುವ ಖರ್ಚನ್ನು ಈ ಖಾತೆಯಿಂದ ಕೇಳುವುದು ಸರಿಯಲ್ಲ, ಅದನ್ನು ನಿರ್ವಹಣೆಯ ಖಾತೆಯಿಂದಲೇ ಕೇಳಬೇಕು. ಸಮುದಾಯದ ತರಬೇತಿ, ಗಾಯಗೊಂಡ ಪ್ರಾಣಿಗಳ ಆರೈಕೆ, ಶಾಲಾಮಕ್ಕಳ ಪ್ರಕೃತಿ ಶಿಬಿರ, ಕೆರೆ ದಂಡೆಯಲ್ಲಿ ಸ್ಥಳೀಯ ಗಿಡ ನೆಡುವುದು ಇಂಥವಕ್ಕೆ ದೇಣಿಗೆಯ ಹಣ ಹೊಂದುತ್ತದೆ.

ಎರಡನೆಯ ಹೆಜ್ಜೆ: ಜಾಲ ಮತ್ತು ಜೀವಿ ಸೇರುವ ಜಾಗವನ್ನು ಹುಡುಕಿ

ನಿಮ್ಮ ಪ್ರದೇಶದ ನಕಾಶೆಯ ಮೇಲೆ ಕಂಪನಿಯ ತಂತಿಮಾರ್ಗ, ಸಬ್‌ಸ್ಟೇಷನ್, ಕೊಳವೆಮಾರ್ಗ, ಜಲಾಶಯಗಳನ್ನು ಗುರುತಿಸಿ, ಅದರ ಮೇಲೆ ಪ್ರಾಣಿಪಕ್ಷಿಗಳ ನೆಲೆ, ನೀರು ಕುಡಿಯುವ ತಾಣ, ಗೂಡು ಕಟ್ಟುವ ಮರಗಳು, ಋತುವಿಗೆ ತಕ್ಕಂತೆ ಓಡಾಡುವ ದಾರಿಗಳನ್ನು ಗುರುತಿಸಿ. ಎರಡೂ ಒಂದರ ಮೇಲೊಂದು ಬೀಳುವ ಜಾಗಗಳೇ ನಿಮ್ಮ ಕೆಲಸದ ಜಾಗಗಳು. ತಂತಿಯ ವಿಷಯದಲ್ಲಿ ಎರಡು ಅಪಾಯಗಳನ್ನು ಬೇರ್ಪಡಿಸಿ ನೋಡಬೇಕು, ಏಕೆಂದರೆ ಪರಿಹಾರವೂ ಬೇರೆ. ವಿದ್ಯುತ್ ತಗುಲಿ ಸಾಯುವುದು ಹೆಚ್ಚಾಗಿ ಕಡಿಮೆ ವೋಲ್ಟೇಜಿನ ವಿತರಣಾ ಕಂಬಗಳಲ್ಲಿ, ತಂತಿಗಳ ನಡುವಿನ ಅಂತರ ಕಿರಿದಾಗಿರುವ ಕಡೆ. ಡಿಕ್ಕಿ ಹೊಡೆದು ಸಾಯುವುದು ಎತ್ತರದ ಪ್ರಸರಣ ಮಾರ್ಗಗಳಲ್ಲಿಯೂ ನಡೆಯುತ್ತದೆ. ಇಂಥ ಮಾರ್ಗಗಳಲ್ಲಿ ಎಲ್ಲಕ್ಕೂ ಮೇಲಿರುವ ಸಿಡಿಲುರಕ್ಷಕ ತಂತಿ ತೆಳ್ಳಗಿದ್ದು ಹಾರುವ ಹಕ್ಕಿಗೆ ಕಾಣದೆ ಹೋಗುತ್ತದೆ. ಬಸ್ಟರ್ಡ್ (ಹುಲ್ಲುಗಾವಲಿನ ದೊಡ್ಡ ಹಕ್ಕಿ) ಮತ್ತು ಕ್ರೌಂಚ ಹಕ್ಕಿಗಳು ಹಾರುವಾಗ ಕೆಳಗಿನ ನೆಲವನ್ನು ನೋಡಲು ತಲೆ ಬಾಗಿಸಿದರೆ ಎದುರಿಗಿರುವುದು ಅವಕ್ಕೆ ಕಾಣುವುದೇ ಇಲ್ಲ. ಕಣ್ಣುಗಳು ತಲೆಯ ಪಕ್ಕಗಳಲ್ಲಿದ್ದು ಮುಂದಿನ ನೋಟ ಕಿರಿದಾಗಿರುವುದೇ ಇದಕ್ಕೆ ಕಾರಣ.

ಅಪಾಯದ ಜಾಗಗಳ ಜೊತೆಗೆ ಅವಕಾಶದ ಜಾಗಗಳನ್ನೂ ಗುರುತಿಸಿ. ಕಾಡಿನೊಳಗೆ ತಂತಿಯ ಕೆಳಗೆ ಮರ ಬೆಳೆಯದಂತೆ ಕಂಪನಿ ಕಾಯಲೇಬೇಕು. ಬೆಲ್ಜಿಯಂನ ಎಲಿಯಾ ಮತ್ತು ಫ್ರಾನ್ಸಿನ ಆರ್‌ಟಿಇ ಎಂಬ ಪ್ರಸರಣ ಕಂಪನಿಗಳು 2011ರಲ್ಲಿ ಆರಂಭಿಸಿದ ಯೋಜನೆಯಲ್ಲಿ, ಕೆಲವು ವರ್ಷಗಳಿಗೊಮ್ಮೆ ಭಾರಿ ಯಂತ್ರದಿಂದ ಎಲ್ಲವನ್ನೂ ಸವರಿಹಾಕುವ ಬದಲು ಆ ಪಟ್ಟಿಯಲ್ಲಿ ಗಿಡ್ಡ ಪೊದೆಗಳ ಅಂಚು, ಹೂವಿನ ಹುಲ್ಲುಗಾವಲು, ಸಣ್ಣ ಹೊಂಡ, ಕುರಿ ಮೇಯಿಸುವ ಜಾಗಗಳನ್ನು ರೂಪಿಸಿದವು. ಒಮ್ಮೆ ನೆಲೆಗೊಂಡ ಪೊದೆಗಳು ಎತ್ತರದ ಮರಗಳನ್ನು ತಾವೇ ತಡೆಯುವುದರಿಂದ ದೀರ್ಘಾವಧಿಯಲ್ಲಿ ಕಂಪನಿಯ ಖರ್ಚೂ ಇಳಿಯುತ್ತದೆ.

ಮೂರನೆಯ ಹೆಜ್ಜೆ: ಹಣ ಕೇಳುವ ಮೊದಲು ಎಣಿಸಿ

ಸತ್ತ ಹಕ್ಕಿಗಳ ಎಣಿಕೆಯಿಲ್ಲದೆ ಹೋದ ಸಂಘವನ್ನು ಕಂಪನಿ ಸೌಜನ್ಯದಿಂದ ಕೂರಿಸಿ ಕಳಿಸಿಕೊಡುತ್ತದೆ. ಕೆಲವು ತಿಂಗಳ ಪ್ರಾಮಾಣಿಕ ಎಣಿಕೆ ಕೈಯಲ್ಲಿದ್ದರೆ ಮಾತುಕತೆಯ ರೀತಿಯೇ ಬದಲಾಗುತ್ತದೆ.

ತಂತಿಯ ಕೆಳಗೆ ಇಬ್ಬರು ಒಟ್ಟಿಗೆ ನಡೆಯಿರಿ. ಒಬ್ಬರು ಮಾರ್ಗದ ಒಂದು ಬದಿಯನ್ನು, ಇನ್ನೊಬ್ಬರು ಇನ್ನೊಂದನ್ನು ನೋಡಲಿ. ಇಡೀ ಹಕ್ಕಿ ಸಿಗುವುದು ಅಪರೂಪ. ಹೆಚ್ಚಾಗಿ ಸಿಗುವುದು ಹುಲ್ಲಿನಲ್ಲಿ ವೃತ್ತಾಕಾರವಾಗಿ ಚದುರಿದ ಗರಿಗಳು, ಬಿಸಿಲಿಗೆ ಬಿಳುಚಿದ ಎದೆಮೂಳೆ, ಮಾಂಸ ಕಳಚಿದ ರೆಕ್ಕೆಯೊಂದರ ತುದಿ. ಗರಿಯ ಅಂಚು ಸುಟ್ಟು ಸುರುಟಿದೆಯೇ, ಕಾಲಿನ ಮೇಲೆ ಕಪ್ಪು ಚುಕ್ಕೆಯಿದೆಯೇ ಎಂದು ಬಾಗಿ ನೋಡಬೇಕು. ಸುಟ್ಟ ಗುರುತಿದ್ದರೆ ವಿದ್ಯುತ್ ತಗುಲಿದ್ದು, ಮುರಿದ ಮೂಳೆ ಮಾತ್ರ ಇದ್ದರೆ ಬಹುಶಃ ಡಿಕ್ಕಿ. ಸ್ಥಳದಲ್ಲಿಯೇ ಅಳತೆಪಟ್ಟಿ ಇಟ್ಟು ಚಿತ್ರ ತೆಗೆದು, ಕಂಬದ ಸಂಖ್ಯೆ, ದಿನಾಂಕ, ಸ್ಥಾನಾಂಕಗಳನ್ನು ಬರೆದುಕೊಳ್ಳಿ. ಸಂರಕ್ಷಿತ ಪ್ರಾಣಿಯ ಕಳೇಬರವನ್ನು ಅನುಮತಿಯಿಲ್ಲದೆ ಎತ್ತಿಕೊಂಡು ಹೋಗುವುದು ಅನೇಕ ದೇಶಗಳಲ್ಲಿ ಅಪರಾಧವಾದ್ದರಿಂದ ಅರಣ್ಯ ಅಥವಾ ವನ್ಯಜೀವಿ ಇಲಾಖೆಗೆ ಮೊದಲೇ ತಿಳಿಸಿರಬೇಕು. ಕಂಬವನ್ನಾಗಲಿ, ಕಂಬಕ್ಕೆ ತಗುಲಿ ನೇತಾಡುವ ಹಕ್ಕಿಯನ್ನಾಗಲಿ ಯಾವ ಕಾರಣಕ್ಕೂ ಮುಟ್ಟಬೇಡಿ.

ಸಿಕ್ಕಿದ್ದಷ್ಟೇ ಸತ್ತದ್ದು ಎಂದು ತಿಳಿಯಬಾರದು. ನರಿ, ನಾಯಿ, ಕಾಗೆಗಳು ನಿಮಗಿಂತ ಮೊದಲೇ ಬಂದು ಹೋಗಿರುತ್ತವೆ, ಎತ್ತರದ ಹುಲ್ಲಿನಲ್ಲಿ ನಿಮ್ಮ ಕಣ್ಣು ಕೆಲವನ್ನು ತಪ್ಪಿಸಿರುತ್ತದೆ. ಸಂಶೋಧಕರು ಕೆಲವು ಕಳೇಬರಗಳನ್ನು ತಾವೇ ಇಟ್ಟು, ಅವು ಎಷ್ಟು ದಿನ ಉಳಿಯುತ್ತವೆ, ಹುಡುಕುವವರಿಗೆ ಎಷ್ಟು ಸಿಗುತ್ತವೆ ಎಂದು ಪರೀಕ್ಷಿಸಿ ಒಟ್ಟು ಸಂಖ್ಯೆಯನ್ನು ತಿದ್ದುತ್ತಾರೆ. ಹತ್ತಿರದ ಕಾಲೇಜಿನ ಜೀವಶಾಸ್ತ್ರದ ಅಧ್ಯಾಪಕರೊಬ್ಬರ ನೆರವಿದ್ದರೆ ನೀವೂ ಇದನ್ನು ಮಾಡಬಹುದು.

ನಾಲ್ಕನೆಯ ಹೆಜ್ಜೆ: ಯಾರ ಜೊತೆ ಮಾತಾಡಬೇಕು

ಪ್ರಚಾರ ವಿಭಾಗದಿಂದ ಆರಂಭಿಸಬೇಡಿ. ಜಾಲದ ನಿರ್ವಹಣೆ ನೋಡಿಕೊಳ್ಳುವ ಎಂಜಿನಿಯರ್ ಬಳಿ ಟ್ರಿಪ್ ಆದ ಫೀಡರ್‌ಗಳ ದಾಖಲೆ ಇರುತ್ತದೆ. ನಿಮ್ಮ ಎಣಿಕೆಯನ್ನು ಆ ದಾಖಲೆಯ ಪಕ್ಕದಲ್ಲಿಟ್ಟು ನೋಡಲು ಅವರನ್ನು ಕೇಳಿಕೊಳ್ಳಿ. ಅದಕ್ಕೂ ಮೊದಲು ಲೈನ್‌ಮನ್‌ಗಳ ಜೊತೆ ಕುಳಿತು ಮಾತಾಡಿ. ಯಾವ ಕಂಬದಲ್ಲಿ ಪ್ರತಿವರ್ಷ ಗೂಡು ಕಟ್ಟುತ್ತದೆ, ಯಾವ ಟ್ರಾನ್ಸ್‌ಫಾರ್ಮರ್ ಮೇಲೆ ಮಂಗ ಹತ್ತುತ್ತದೆ ಎಂಬುದು ಅವರಿಗೆ ಗೊತ್ತಿರುವಷ್ಟು ಯಾವ ವರದಿಯಲ್ಲಿಯೂ ಇರುವುದಿಲ್ಲ. ಸತ್ತ ಹಕ್ಕಿಯ ಸುದ್ದಿ ತಂದದ್ದಕ್ಕೆ ತಮ್ಮ ಮೇಲೆ ಕ್ರಮ ಬರುವುದಿಲ್ಲ ಎಂಬ ಭರವಸೆ ಅವರಿಗೆ ಮೇಲಿನಿಂದ ಸಿಗಬೇಕು, ಇಲ್ಲವಾದರೆ ಸುದ್ದಿ ಬರುವುದಿಲ್ಲ.

ಐದನೆಯ ಹೆಜ್ಜೆ: ಪ್ರಸ್ತಾವ ಬರೆಯುವುದು

ನಾಲ್ಕೈದು ಪುಟ ಸಾಕು. ಯಾವ ಮಾರ್ಗ, ಯಾವ ಕಂಬಗಳು, ಈವರೆಗೆ ಎಷ್ಟು ಸಾವು, ಎಷ್ಟು ಬಾರಿ ವಿದ್ಯುತ್ ಕಡಿತ, ಏನು ಮಾಡಬೇಕು, ಯಾರು ಮಾಡುತ್ತಾರೆ, ಮಾಡಿದ್ದು ಫಲಿಸಿದೆ ಎಂದು ಹೇಗೆ ತಿಳಿಯುತ್ತದೆ ಇಷ್ಟನ್ನು ನೇರವಾಗಿ ಬರೆಯಿರಿ. ಕಂಪನಿಯ ಎಂಜಿನಿಯರುಗಳಿಗೆ ಪರಿಚಯವಿರುವ ಮಾನದಂಡಗಳನ್ನು ಬಳಸಿ. ಅಮೆರಿಕದ ವಿದ್ಯುತ್ ಕಂಪನಿಗಳು ಮತ್ತು ವನ್ಯಜೀವಿ ಇಲಾಖೆ ಸೇರಿ 1989ರಲ್ಲಿ ರಚಿಸಿಕೊಂಡ, ಹಕ್ಕಿ ಮತ್ತು ವಿದ್ಯುತ್ ಮಾರ್ಗಗಳ ಸಂಬಂಧವನ್ನು ನೋಡಿಕೊಳ್ಳುವ ಎಪ್ಲಿಕ್ ಸಮಿತಿಯ ಸೂಚನೆಯಂತೆ, ಹದ್ದುಗಳಿರುವ ಕಡೆ ವಿದ್ಯುತ್ ಭಾಗಗಳ ನಡುವೆ ಅಡ್ಡಲಾಗಿ 150 ಸೆಂಟಿಮೀಟರ್, ಲಂಬವಾಗಿ 100 ಸೆಂಟಿಮೀಟರ್ ಅಂತರವಿರಬೇಕು. ಅಂತರ ಹೆಚ್ಚಿಸಲಾಗದ ಕಡೆ ತಂತಿಗೆ, ಇನ್ಸುಲೇಟರಿಗೆ, ಟ್ರಾನ್ಸ್‌ಫಾರ್ಮರಿನ ತುದಿಗಳಿಗೆ ಹೊದಿಕೆ ಹಾಕಬೇಕು. ನಿಮ್ಮ ಪ್ರದೇಶದ ದೊಡ್ಡ ಹಕ್ಕಿಯ ರೆಕ್ಕೆಯಳತೆ ಬೇರೆಯಾದರೆ ಅದನ್ನೂ ನಮೂದಿಸಿ.

ಎಲ್ಲ ಕಂಬಗಳನ್ನೂ ಒಮ್ಮೆಗೇ ಕೇಳಬೇಡಿ. ಸಾವುಗಳು ಸಾಮಾನ್ಯವಾಗಿ ಕೆಲವೇ ಕಂಬಗಳ ಸುತ್ತ ಗುಂಪುಗೂಡಿರುತ್ತವೆ. ಅತಿ ಕೆಟ್ಟ ಕಂಬಗಳ ಪಟ್ಟಿಯಿಂದ ಆರಂಭಿಸಿದರೆ ಕಡಿಮೆ ಖರ್ಚಿನಲ್ಲಿ ಫಲ ಕಾಣುತ್ತದೆ, ಎರಡನೆಯ ವರ್ಷದ ಹಣ ಕೇಳಲು ಅದೇ ಆಧಾರವಾಗುತ್ತದೆ.

ಆರನೆಯ ಹೆಜ್ಜೆ: ಒಡಂಬಡಿಕೆ

ಇಲ್ಲಿ ಅವಸರ ಮಾಡಿದವರು ಮುಂದೆ ಪಶ್ಚಾತ್ತಾಪಪಡುತ್ತಾರೆ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಸಂಗ್ರಹಿಸಿದ ಮಾಹಿತಿ ಯಾರದು, ಅದನ್ನು ಪ್ರಕಟಿಸುವ ಹಕ್ಕು ಯಾರಿಗೆ ಎಂಬುದು ಒಡಂಬಡಿಕೆಯ ಮೊದಲ ಪುಟದಲ್ಲಿಯೇ ಇರಬೇಕು. ಫಲಿತಾಂಶ ಕಂಪನಿಗೆ ಹಿತವಾಗಿರಲಿ, ಇಲ್ಲದಿರಲಿ, ಪ್ರಕಟವಾಗಬೇಕು. ಕರಡನ್ನು ಓದಿ ವಾಸ್ತವದ ತಪ್ಪುಗಳನ್ನು ತಿದ್ದಲು ಕಂಪನಿಗೆ ಇಂತಿಷ್ಟು ದಿನಗಳ ಅವಕಾಶ ಕೊಡಬಹುದು. ತಡೆಹಿಡಿಯುವ ಅಧಿಕಾರವನ್ನು ಕೊಡಬಾರದು.

ಈ ಷರತ್ತಿನ ಬೆಲೆ ಏನೆಂದು ದಕ್ಷಿಣ ಆಫ್ರಿಕಾದ ಕರೂ ಬಯಲಿನ ಪ್ರಯೋಗ ತೋರಿಸಿಕೊಟ್ಟಿದೆ. ಅಲ್ಲಿ ಪ್ರಸರಣ ತಂತಿಗಳಿಗೆ ಗುರುತುಗಳನ್ನು ಹಾಕಿದ ಮತ್ತು ಹಾಕದ ಭಾಗಗಳನ್ನು ಎಂಟು ವರ್ಷ ಹೋಲಿಸಿ ನೋಡಿ, 2021ರಲ್ಲಿ ಫಲಿತಾಂಶ ಪ್ರಕಟಿಸಲಾಯಿತು. ಗುರುತುಗಳಿಂದ ನೀಲಿ ಕ್ರೌಂಚಗಳ ಸಾವು 92 ಪ್ರತಿಶತ ಇಳಿದಿತ್ತು, ಒಟ್ಟು ದೊಡ್ಡ ಹಕ್ಕಿಗಳ ಸಾವು 51 ಪ್ರತಿಶತ ಇಳಿದಿತ್ತು. ಆದರೆ ಬಸ್ಟರ್ಡ್‌ಗಳ ಸಾವು ಇಳಿದಿರಲಿಲ್ಲ. ಮೊದಲಿನ ಎರಡು ಸಂಖ್ಯೆಗಳನ್ನಷ್ಟೇ ಹೇಳಿ ಸುಮ್ಮನಾಗಿದ್ದರೆ, ಬಸ್ಟರ್ಡ್ ಇರುವ ಕಡೆಗಳಲ್ಲೆಲ್ಲ ಗುರುತು ಹಾಕಿ ಕೆಲಸ ಮುಗಿಯಿತೆಂದು ನಂಬುವ ಅಪಾಯವಿತ್ತು. ಆ ಹಕ್ಕಿಗಳಿಗೆ ತಂತಿಮಾರ್ಗವನ್ನೇ ಬೇರೆಡೆ ಒಯ್ಯುವುದೋ, ನೆಲದಡಿಗೆ ಇಳಿಸುವುದೋ ಯೋಚಿಸಬೇಕಾಗುತ್ತದೆ. ಭಾರತದಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್ ಉಳಿಸಲು ತಂತಿಗಳನ್ನು ನೆಲದಡಿಗೆ ಇಳಿಸುವ ಕುರಿತು ಸುಪ್ರೀಂ ಕೋರ್ಟ್ 2021ರ ಏಪ್ರಿಲ್‌ನಲ್ಲಿ ಆದೇಶ ನೀಡಿ, 2024ರ ಮಾರ್ಚ್‌ನಲ್ಲಿ ಅದನ್ನು ಮಾರ್ಪಡಿಸಿ ತಜ್ಞರ ಸಮಿತಿಗೆ ಒಪ್ಪಿಸಿದ್ದು ಈ ಪ್ರಶ್ನೆ ಎಷ್ಟು ಕಠಿಣವೆಂಬುದಕ್ಕೆ ಸಾಕ್ಷಿ.

ಒಡಂಬಡಿಕೆಯಲ್ಲಿ ಇರಬೇಕಾದ ಇನ್ನೊಂದು ಮಾತು ಹೆಸರಿನದು. ನಿಮ್ಮ ಸಂಘದ ಹೆಸರನ್ನೂ ಲಾಂಛನವನ್ನೂ ಕಂಪನಿ ಎಲ್ಲಿ ಬಳಸಬಹುದು, ಎಲ್ಲಿ ಕೂಡದು ಎಂದು ಬರೆಯಿಸಿ. ಹೊಸ ಯೋಜನೆಯೊಂದಕ್ಕೆ ಅನುಮತಿ ಕೇಳುವ ಅರ್ಜಿಯಲ್ಲಿ ನಿಮ್ಮ ಸಹಭಾಗಿತ್ವವನ್ನು ಒಪ್ಪಿಗೆಯೆಂಬಂತೆ ಉಲ್ಲೇಖಿಸಕೂಡದು, ಆ ಯೋಜನೆಗೆ ಆಕ್ಷೇಪಣೆ ಸಲ್ಲಿಸುವ ನಿಮ್ಮ ಹಕ್ಕಿಗೆ ಧಕ್ಕೆ ಬರಕೂಡದು.

ಏಳನೆಯ ಹೆಜ್ಜೆ: ಹಣದ ನಿರ್ವಹಣೆ

ಹಣವನ್ನು ಕಂತುಗಳಲ್ಲಿ, ಕೆಲಸದ ಹಂತಕ್ಕೆ ತಕ್ಕಂತೆ ಪಡೆಯಿರಿ. ಮೊದಲ ಕಂತು ಋತು ಆರಂಭವಾಗುವ ಮೊದಲೇ ಕೈಸೇರಬೇಕು, ಏಕೆಂದರೆ ಗೂಡು ಕಟ್ಟುವ ಕಾಲ ಕಂಪನಿಯ ಹಣಕಾಸು ವರ್ಷಕ್ಕಾಗಿ ಕಾಯುವುದಿಲ್ಲ. ಪ್ರತ್ಯೇಕ ಬ್ಯಾಂಕ್ ಖಾತೆ ಮತ್ತು ವಾರ್ಷಿಕ ಲೆಕ್ಕಪರಿಶೋಧನೆ ಕಡ್ಡಾಯ. ಸಂಬಳ, ಪ್ರಯಾಣ, ವಿಮೆ, ಸುರಕ್ಷತಾ ಸಾಮಗ್ರಿಗಳನ್ನು ಬಜೆಟ್ಟಿನಲ್ಲಿ ಮುಚ್ಚಿಡದೆ ತೋರಿಸಿ. ಕೆಲಸಗಾರರಿಗೆ ಸಂಬಳವಿಲ್ಲದ ಸಂರಕ್ಷಣೆ ಎರಡು ಋತು ನಡೆಯುವುದೂ ಕಷ್ಟ. ಒಬ್ಬನೇ ದಾನಿಯನ್ನು ನಂಬಿ ಸಂಘದ ಎಲ್ಲ ಸಿಬ್ಬಂದಿಯನ್ನು ನೇಮಿಸಿಕೊಳ್ಳಬೇಡಿ.

ಎಂಟನೆಯ ಹೆಜ್ಜೆ: ಕೆಲಸ ಮತ್ತು ನಿಗಾ

ಕಂಬದ ಮೇಲಿನ ಕೆಲಸ ಕಂಪನಿಯ ಸಿಬ್ಬಂದಿಯದು. ಲೈನ್ ಕ್ಲಿಯರ್ (ಮಾರ್ಗದ ವಿದ್ಯುತ್ ನಿಲ್ಲಿಸಿದ ಖಾತರಿ) ಸಿಕ್ಕಿ, ತಂತಿಗೆ ಭೂಸಂಪರ್ಕ ಕೊಟ್ಟ ಮೇಲೆಯೇ ಅವರು ಹತ್ತುತ್ತಾರೆ. ನಿಮ್ಮವರು ಕೆಳಗೆ ನಿಂತು, ಯಾವ ತುದಿಗೆ ಹೊದಿಕೆ ಬಿತ್ತು, ಯಾವುದು ಉಳಿಯಿತು ಎಂದು ದುರ್ಬೀನಿನಿಂದ ನೋಡಿ ಗುರುತು ಹಾಕಿಕೊಳ್ಳಬೇಕು. ಒಂದೇ ಒಂದು ತುದಿ ಬಿಟ್ಟುಹೋದರೂ ಕಂಬ ಅಪಾಯಕಾರಿಯಾಗಿಯೇ ಉಳಿಯುತ್ತದೆ. ಗೂಡಿರುವ ಕಂಬವಾದರೆ ಮರಿಗಳು ಹಾರಿಹೋಗುವವರೆಗೆ ಕಾಯಬೇಕು. ಮೀನು ಹಿಡಿಯುವ ಆಸ್‌ಪ್ರೇ ಗಿಡುಗಗಳಿಗೆ ಅನೇಕ ಕಂಪನಿಗಳು ಪಕ್ಕದಲ್ಲಿಯೇ ತಂತಿಯಿಲ್ಲದ, ಇನ್ನೂ ಎತ್ತರದ ಕಂಬ ನೆಟ್ಟು ಅದರ ತುದಿಗೆ ಅಗಲವಾದ ಅಟ್ಟಣೆ ಕೂರಿಸುತ್ತವೆ. ಎತ್ತರದ ಜಾಗವನ್ನೇ ಆರಿಸಿಕೊಳ್ಳುವ ಹಕ್ಕಿ ಅಲ್ಲಿಗೆ ಹೋಗುತ್ತದೆ.

ಸರಿಪಡಿಸಿದ ಕಂಬಗಳ ಜೊತೆಗೆ ಸರಿಪಡಿಸದ ಕೆಲವನ್ನೂ ಅದೇ ಕ್ರಮದಲ್ಲಿ ನೋಡುತ್ತಾ ಹೋಗಿ. ಹೋಲಿಕೆಗೆ ಏನೂ ಇಲ್ಲದಿದ್ದರೆ ಸಾವು ಇಳಿದದ್ದು ಹೊದಿಕೆಯಿಂದಲೋ, ಆ ವರ್ಷ ಹಕ್ಕಿಗಳೇ ಕಡಿಮೆ ಬಂದದ್ದರಿಂದಲೋ ಎಂದು ಹೇಳಲು ಬರುವುದಿಲ್ಲ.

ಬೇಡವೆನ್ನಬೇಕಾದ ಸಂದರ್ಭಗಳು

ಇದು ಹೆಜ್ಜೆಯಲ್ಲ, ಆದರೂ ಬಿಡುವಂತಿಲ್ಲ. ಕಂಪನಿ ಒಂದು ಕಡೆ ನೆಲೆಯನ್ನು ನಾಶಮಾಡುತ್ತಾ ಇನ್ನೊಂದು ಕಡೆ ಸಸಿ ನೆಡಲು ನಿಮ್ಮನ್ನು ಕರೆದರೆ, ನಾಶವಾದದ್ದಕ್ಕೆ ಅದು ನಿಜವಾಗಿ ಸಮನಾಗುತ್ತದೆಯೇ ಎಂದು ಕೇಳಬೇಕು, ಆಗದಿದ್ದರೆ ಹಣ ಮುಟ್ಟಬಾರದು. ಕಾನೂನು ಈಗಾಗಲೇ ವಿಧಿಸಿರುವ ಕೆಲಸವನ್ನು ಔದಾರ್ಯವೆಂದು ಪ್ರಚಾರ ಮಾಡಲು ನಿಮ್ಮ ಹೆಸರನ್ನು ಕೊಡಬಾರದು.

ಇನ್ನೂ ಸೂಕ್ಷ್ಮವಾದದ್ದು ಅವಲಂಬನೆಯ ಅಪಾಯ. ಅಮೆರಿಕದ ಫ್ಲೋರಿಡಾದಲ್ಲಿ ಟ್ಯಾಂಪಾ ಎಲೆಕ್ಟ್ರಿಕ್ ಕಂಪನಿಯ ಬಿಗ್ ಬೆಂಡ್ ವಿದ್ಯುತ್ ಸ್ಥಾವರದಿಂದ ಹೊರಬರುವ ಬೆಚ್ಚನೆಯ ನೀರಿಗೆ ಚಳಿಗಾಲದಲ್ಲಿ ಮ್ಯಾನಟೀಗಳು (ನೀರಿನಲ್ಲಿ ಬಾಳುವ, ಸಸ್ಯ ತಿನ್ನುವ ದೊಡ್ಡ ಸಸ್ತನಿಗಳು) ಗುಂಪುಗುಂಪಾಗಿ ಬರುತ್ತವೆ, ಏಕೆಂದರೆ ಸುಮಾರು 20 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿನ ನೀರನ್ನು ಅವು ಹೆಚ್ಚು ಕಾಲ ತಾಳಲಾರವು. ಅವುಗಳನ್ನು ಜನ ನೋಡಿ ತಿಳಿಯಲೆಂದು ಕಂಪನಿ 1986ರಲ್ಲಿ ವೀಕ್ಷಣಾ ಕೇಂದ್ರ ತೆರೆಯಿತು. ಒಳ್ಳೆಯ ಕೆಲಸ, ಸಂದೇಹವಿಲ್ಲ. ಆದರೆ ಸ್ಥಾವರ ಮುಚ್ಚಿದ ದಿನ ಆ ಬಿಸಿನೀರು ನಿಲ್ಲುತ್ತದೆ, ತಲೆಮಾರುಗಳಿಂದ ಅಲ್ಲಿಗೆ ಬರುತ್ತಿರುವ ಪ್ರಾಣಿಗಳಿಗೆ ಅದು ತಿಳಿದಿರುವುದಿಲ್ಲ. ಆದ್ದರಿಂದ ಇಂಥ ಕಡೆಗಳಲ್ಲಿ ನೈಸರ್ಗಿಕವಾಗಿ ಬೆಚ್ಚಗಿರುವ ನೀರಿನ ಬುಗ್ಗೆಗಳ ರಕ್ಷಣೆಯೂ ಒಪ್ಪಂದದ ಭಾಗವಾಗಬೇಕು.

ಕೊನೆಯ ಹೆಜ್ಜೆ: ಯೋಜನೆ ಮುಗಿದ ಮೇಲೆ

ಹೊದಿಕೆ ಬಿಸಿಲಿಗೆ ಬಿರುಕು ಬಿಡುತ್ತದೆ, ತೂಗುಹಾಕಿದ ಗುರುತುಗಳು ಗಾಳಿಗೆ ಸವೆದು ಉದುರುತ್ತವೆ, ಹಳೆಯ ಕಂಬದ ಜಾಗದಲ್ಲಿ ಹೊಸ ಗುತ್ತಿಗೆದಾರ ಹಳೆಯ ವಿನ್ಯಾಸದ ಕಂಬವನ್ನೇ ನೆಟ್ಟು ಹೋಗುತ್ತಾನೆ. ಆದ್ದರಿಂದ ಹಕ್ಕಿಗೆ ಸುರಕ್ಷಿತವಾದ ವಿನ್ಯಾಸವು ಕಂಪನಿಯ ಪ್ರಮಾಣಿತ ನಕ್ಷೆಯಲ್ಲಿಯೂ ಟೆಂಡರ್ ಷರತ್ತುಗಳಲ್ಲಿಯೂ ಸೇರುವವರೆಗೆ ಮಾತುಕತೆ ಮುಂದುವರಿಸಿ. ಹೊದಿಕೆಗಳ ಪರಿಶೀಲನೆಯನ್ನು ಕಂಪನಿಯ ಮಾಮೂಲು ತಪಾಸಣಾ ಪಟ್ಟಿಯಲ್ಲಿ ಒಂದು ಸಾಲಾಗಿ ಸೇರಿಸಲು ಕೇಳಿಕೊಳ್ಳಿ. ನಿಮ್ಮ ಕಂಬಗಳ ಪಟ್ಟಿ, ಚಿತ್ರಗಳು, ಎಣಿಕೆಯ ಪುಸ್ತಕಗಳ ಒಂದೊಂದು ಪ್ರತಿಯನ್ನು ಕಂಪನಿಗೂ ವನ್ಯಜೀವಿ ಇಲಾಖೆಗೂ ಕೊಟ್ಟು, ಮೂಲವನ್ನು ಸಂಘದಲ್ಲಿಯೇ ಇಟ್ಟುಕೊಳ್ಳಿ, ಮತ್ತು ಮುಂದಿನ ಋತು ಬಂದಾಗ ಅದೇ ಮಾರ್ಗದಲ್ಲಿ, ಅದೇ ಮೊದಲ ಕಂಬದಿಂದ, ಇಬ್ಬರು ಒಟ್ಟಿಗೆ ನಡೆಯಲು ಆರಂಭಿಸಿ.